ಕ್ಲೆಮೆಂಟನ ‘ಅಭಿಜ್ಞಾನಗಳು’: ಒಂದು ಪ್ರಾಚೀನ ಕ್ರೈಸ್ತ ಕಾದಂಬರಿಯ ವಿವೇಚನೆ

ಲ್ಯಾಟಿನ್ ಭಾಷೆಯಲ್ಲಿ ‘ರೆಕಗ್ನಿತಿಯೋನೆಸ್’ ಎಂಬ ಹೆಸರಿನ ಹಳೆಯ ಕ್ರೈಸ್ತ ಗ್ರಂಥವೊಂದಿದೆ. ಗುರುತು ಹಿಡಿಯುವಿಕೆಗಳು ಎಂಬುದು ಈ ಹೆಸರಿನ ಅರ್ಥ. ಕಾಳಿದಾಸನ ಶಾಕುಂತಲವನ್ನು ಓದಿದವರಿಗೆ ‘ಅಭಿಜ್ಞಾನ’ ಎಂಬ ಮಾತು ಪರಿಚಿತವಾದುದರಿಂದ ಈ ಲೇಖನದಲ್ಲಿ ಗ್ರಂಥವನ್ನು ‘ಅಭಿಜ್ಞಾನಗಳು’ ಎಂದೇ ಕರೆಯುತ್ತೇವೆ. ವ್ಯಕ್ತಿನಾಮ ಸ್ಥಳನಾಮಗಳಲ್ಲಿ ಕನ್ನಡ ಬೈಬಲಿನಲ್ಲಿ ರೂಢವಾಗಿರುವುವನ್ನು ಹಾಗೆಯೇ ಇರಿಸಿಕೊಂಡಿದ್ದೇವೆ.

ಹತ್ತು ಭಾಗಗಳುಳ್ಳ ಈ ಗ್ರಂಥದ ಬಹುಪಾಲು ಧರ್ಮಚರ್ಚೆಗೆ ಮೀಸಲಾಗಿದೆ. ಅದರ ನಡುವೆ, ಇಪ್ಪತ್ತು ವರ್ಷ ಚದುರಿಹೋಗಿದ್ದ ಒಂದು ಸಂಸಾರವು ಮತ್ತೆ ಕೂಡಿದ ಕಥೆಯಿದೆ. ಕ್ರೈಸ್ತಧರ್ಮದ ಆದಿಕಾಲವನ್ನು ಶೋಧಿಸುವ ವಿದ್ವಾಂಸರು ಚರ್ಚೆಯ ಭಾಗವನ್ನು ಬಹಳ ಶ್ರಮದಿಂದ ಪರಿಶೀಲಿಸಿದ್ದಾರೆ. ಕಥೆಯನ್ನು ಮಾತ್ರ ಕಷಾಯದ ಜೊತೆಗೆ ಕೊಡುವ ಬೆಲ್ಲದ ಚೂರೆಂದು ಬದಿಗಿಟ್ಟವರೇ ಹೆಚ್ಚು. ನಮ್ಮ ಅಭಿಪ್ರಾಯ ಬೇರೆ. ಈ ಗ್ರಂಥದಲ್ಲಿ ಕಥೆಯೇ ವಾದ. ತರ್ಕವು ಸೋತು ನಿಂತ ಎಡೆಯಲ್ಲಿ ಕೃತಿಕರ್ತನು ಕಥೆಯನ್ನು ಸಾಕ್ಷಿಯಾಗಿ ಕರೆಸುತ್ತಾನೆ. ಆ ಸಾಕ್ಷ್ಯವು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದು ವಿಚಾರಣೀಯ.

ಮೊದಲು ಗ್ರಂಥದ ಚರಿತ್ರೆಯನ್ನು ಸಂಗ್ರಹವಾಗಿ ಹೇಳಬೇಕು. ಕ್ಲೆಮೆಂಟ್ ಎಂಬವನು 1ನೆಯ ಶತಮಾನದ ಕೊನೆಯಲ್ಲಿ ರೋಮ್ ನಗರದ ಕ್ರೈಸ್ತಸಭೆಯ ಅಧ್ಯಕ್ಷನಾಗಿದ್ದವನು. ಗ್ರಂಥವು ಅವನ ಆತ್ಮಕಥೆಯ ರೂಪದಲ್ಲಿದೆಯಾದರೂ ಅವನು ಬರೆದುದಲ್ಲ. 3ನೆಯ ಶತಮಾನದ ಮೊದಲರ್ಧದಲ್ಲಿ ಸಿರಿಯ ದೇಶದಲ್ಲಿ ಹುಟ್ಟಿದ, ಈಗ ಲುಪ್ತವಾಗಿರುವ ಒಂದು ಗ್ರೀಕ್ ಮೂಲದಿಂದ 4ನೆಯ ಶತಮಾನದಲ್ಲಿ ಎರಡು ಪಾಠಗಳು ಕವಲೊಡೆದುವೆಂದು ವಿದ್ವಾಂಸರ ಮತ. ಒಂದು, ಗ್ರೀಕಿನಲ್ಲಿಯೇ ಉಳಿದು ಬಂದಿರುವ 20 ‘ಪ್ರವಚನಗಳು’. ಇನ್ನೊಂದು, ನಮ್ಮ ‘ಅಭಿಜ್ಞಾನಗಳು’. ಇದರ ಗ್ರೀಕ್ ಪಾಠವು ಕೆಲವು ತುಣುಕುಗಳನ್ನು ಬಿಟ್ಟರೆ ಕಳೆದುಹೋಗಿದೆ, ಕ್ರಿ.ಶ. 406ರ ಸುಮಾರಿಗೆ ರುಫೀನುಸ್ ಎಂಬ ಪಂಡಿತನು ಮಾಡಿದ ಲ್ಯಾಟಿನ್ ಅನುವಾದದಿಂದ ಗ್ರಂಥವು ಉಳಿಯಿತು. ಮಧ್ಯಯುಗದ ಯೂರೋಪಿನಲ್ಲಿ ಇದನ್ನು ಎಷ್ಟು ಆಸಕ್ತಿಯಿಂದ ಓದಿದರೆಂಬುದಕ್ಕೆ ನೂರಕ್ಕೂ ಮೇಲ್ಪಟ್ಟ ಹಸ್ತಪ್ರತಿಗಳೇ ಪ್ರಮಾಣ. ಇದಲ್ಲದೆ ಎರಡೂ ಪಾಠಗಳ ಕೆಲವು ಭಾಗಗಳು ಸಿರಿಯಾಕ್ ಭಾಷೆಯಲ್ಲಿಯೂ ದೊರೆತಿವೆ. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿರುವ ಆ ಪ್ರತಿಯು 411ರಲ್ಲಿ ಎದೆಸ್ಸಾ ನಗರದಲ್ಲಿ ಬರೆದುದು. ಕಾಲವನ್ನು ನಮೂದಿಸಿರುವ ಸಿರಿಯಾಕ್ ಹಸ್ತಪ್ರತಿಗಳಲ್ಲೆಲ್ಲ ಅದೇ ಅತ್ಯಂತ ಪ್ರಾಚೀನ.

ಇಂತಹ ಗ್ರಂಥವನ್ನು ಕಾದಂಬರಿಯೆಂದು ಕರೆಯಬಹುದೇ ಎಂಬ ಶಂಕೆ ಸಹಜ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಗ್ರೀಕ್ ಭಾಷೆಯಲ್ಲಿ ಗದ್ಯಕಥೆಗಳ ಒಂದು ಪ್ರಕಾರವು ಬೆಳೆದು ಬಂದಿತ್ತು. ಖಾರಿತೋನ್, ಅಖಿಲೆಸ್ ತಾತಿಯುಸ್, ಹೆಲಿಯೊದೋರಸ್ ಮೊದಲಾದವರ ಕೃತಿಗಳು ಈ ವರ್ಗದವು. ತರುಣ ತರುಣಿಯರ ಪ್ರೇಮ, ಅಗಲಿಕೆ, ಹಡಗಿನ ಒಡೆತ, ಕಡಲುಗಳ್ಳರ ಹಾವಳಿ, ದಾಸ್ಯ, ಸತ್ತರೆಂಬ ಸುಳ್ಳುಸುದ್ದಿ, ಕೊನೆಗೆ ಪುನಸ್ಸಮಾಗಮ: ಇವು ಅವುಗಳ ಸಾಮಗ್ರಿ. ಕನ್ನಡದಲ್ಲಿ ಈ ಸಾಹಿತ್ಯಪ್ರಕಾರಕ್ಕೆ ನಾವು ಕೊಟ್ಟುಕೊಂಡ ಹೆಸರೇ ಬಾಣಭಟ್ಟನ ಒಂದು ಕೃತಿಯಿಂದ ಬಂದದ್ದು. ನಾಗವರ್ಮನು ಕನ್ನಡಿಸಿದ ಆ ಕೃತಿಯೂ ಅಗಲಿದ ಪ್ರೇಮಿಗಳು ಜನ್ಮಾಂತರಗಳನ್ನು ದಾಟಿ ಕೂಡುವ ಕಥೆಯೇ ಆಗಿದೆ. ಆದುದರಿಂದ ಹೆಸರಿನ ವಿಷಯದಲ್ಲಿ ನಾವು ಸಂಕೋಚಪಡಬೇಕಾದುದಿಲ್ಲ. ಕ್ರೈಸ್ತ ಕೃತಿಕರ್ತನು ಗ್ರೀಕ್ ಕಥೆಗಳ ಸಾಮಗ್ರಿಯನ್ನೆಲ್ಲ ಎತ್ತಿಕೊಂಡನು. ಆದರೆ ತರುಣ ಪ್ರೇಮಿಗಳನ್ನು ಕೈಬಿಟ್ಟು, ಅವರ ಸ್ಥಾನದಲ್ಲಿ ಮೂವರು ಮಕ್ಕಳ ತಾಯಿಯನ್ನೂ ಆಕೆಯನ್ನು ಕಳೆದುಕೊಂಡ ಗಂಡನನ್ನೂ ತಂದು ನಿಲ್ಲಿಸಿದನು.

ಕಥೆಯ ನಿರೂಪಕ ಕ್ಲೆಮೆಂಟನು ರೋಮ್ ನಗರದ ಕುಲೀನ ಯುವಕ. ಸತ್ತ ಮೇಲೆ ಆತ್ಮವು ಉಳಿಯುವುದೇ ಎಂಬ ಚಿಂತೆ ಅವನನ್ನು ಚಿಕ್ಕಂದಿನಿಂದ ಕಾಡುತ್ತದೆ. ತತ್ತ್ವಜ್ಞರ ಶಾಲೆಗಳಲ್ಲಿ ಉತ್ತರ ದೊರೆಯದೆ, ಐಗುಪ್ತಕ್ಕೆ ಹೋಗಿ ಮಾಂತ್ರಿಕನೊಬ್ಬನಿಗೆ ಹಣ ಕೊಟ್ಟು ಸತ್ತವರ ಆತ್ಮವನ್ನು ಕರೆಸಿ ನೋಡಬೇಕೆಂದು ಕೂಡ ಅವನು ಯೋಚಿಸುತ್ತಾನೆ. ಕೊನೆಗೆ ಕೈಸರೈಯ ಪಟ್ಟಣದಲ್ಲಿ ಅಪೊಸ್ತಲನಾದ ಪೇತ್ರನನ್ನು ಕಂಡು ಅವನ ಶಿಷ್ಯನಾಗುತ್ತಾನೆ. ಪೇತ್ರನಿಗೂ ಮಾಂತ್ರಿಕ ಸೀಮೋನನಿಗೂ ನಡೆಯುವ ವಾದ, ಬಳಿಕ ಪೇತ್ರನ ಬೋಧೆ, ಹೀಗೆ ಆರು ಭಾಗಗಳು ಸಾಗುತ್ತವೆ. ಇವು ಇಂದಿನ ಓದುಗನಿಗೆ ದೀರ್ಘವೆನಿಸಿದರೆ ತಪ್ಪಲ್ಲ. ಏಳನೆಯ ಭಾಗದಲ್ಲಿ, ಪಯಣದ ನಡುವೆ, ಪೇತ್ರನು ಕ್ಲೆಮೆಂಟನ ಮನೆತನವನ್ನು ವಿಚಾರಿಸಿದಾಗಲೇ ಕಥೆಯು ನಿಜವಾಗಿ ಆರಂಭವಾಗುವುದು.

ಅವನ ತಾಯಿ ಮತ್ತೀದಿಯಾ. ತಂದೆ ಲ್ಯಾಟಿನ್ ಪಾಠದಲ್ಲಿ ಫೌಸ್ತಿನಿಯಾನ, ಗ್ರೀಕ್ ಪಾಠದಲ್ಲಿ ಫೌಸ್ತ. ಅಣ್ಣಂದಿರಿಬ್ಬರು ಅವಳಿಗಳು. ಕ್ಲೆಮೆಂಟನಿಗೆ ಐದು ವರ್ಷವಾಗಿದ್ದಾಗ ತಾಯಿ ತಾನೊಂದು ಕನಸು ಕಂಡೆನೆಂದು ಗಂಡನಿಗೆ ಹೇಳಿದಳು: ಅವಳಿಮಕ್ಕಳೊಡನೆ ಹತ್ತು ವರ್ಷ ನಗರವನ್ನು ಬಿಟ್ಟಿರದಿದ್ದರೆ ತಾಯಿಮಕ್ಕಳು ನಾಶವಾಗುವರೆಂದು ಕನಸಿನ ಎಚ್ಚರಿಕೆ. ಗಂಡನು ನಂಬಿ, ಹಣ ಸೇವಕರನ್ನು ಜೊತೆಗಿತ್ತು, ಮೂವರನ್ನೂ ಅಥೇನೆಗೆ ಹಡಗು ಹತ್ತಿಸಿದನು; ಕಿರಿಯ ಮಗನನ್ನು ತನ್ನ ಸಮಾಧಾನಕ್ಕೆಂದು ಬಳಿಯಲ್ಲಿ ಇರಿಸಿಕೊಂಡನು. ವರ್ಷ ಕಳೆದ ಮೇಲೆ ಹಣ ಕೊಟ್ಟು ಕಳುಹಿಸಿದ ಆಳುಗಳು ಹಿಂದಿರುಗಲಿಲ್ಲ. ಮೂರನೆಯ ವರ್ಷ ಮತ್ತೆ ಕಳುಹಿಸಿದವರು ನಾಲ್ಕನೆಯ ವರ್ಷ ಬಂದು, ಅಂತಹವರು ಅಥೇನೆಯನ್ನು ಮುಟ್ಟಿಯೇ ಇಲ್ಲವೆಂದರು. ಕೊನೆಗೆ ತಂದೆಯು ಹನ್ನೆರಡು ವರ್ಷದ ಕ್ಲೆಮೆಂಟನನ್ನು ಪಾಲಕರಿಗೆ ಒಪ್ಪಿಸಿ, ಅಳುತ್ತ ರೇವಿಗೆ ಹೋಗಿ, ತಾನೇ ಹುಡುಕಲು ಹೊರಟನು. ಅಂದಿನಿಂದ ಅವನ ಓಲೆಯೂ ಇಲ್ಲ, ಸುದ್ದಿಯೂ ಇಲ್ಲ. ಇದೆಲ್ಲ ಇಪ್ಪತ್ತು ವರ್ಷದ ಹಿಂದಿನ ಮಾತು.

ಸಿರಿಯದ ಕರಾವಳಿಗೆದುರಾಗಿ ಅರಾದುಸ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ದೇವಾಲಯದ ಭಾರಿ ಕಂಬಗಳನ್ನೂ ಪ್ರಸಿದ್ಧ ಶಿಲ್ಪಿ ಫೀದಿಯಾಸನ ಕೆಲಸವನ್ನೂ ನೋಡಲು ಶಿಷ್ಯರು ಹೋಗುತ್ತಾರೆ. ಪೇತ್ರನು ಕಂಬಗಳನ್ನು ಕಂಡು ಹೊರಗೆ ಬಂದವನು ಬಾಗಿಲಲ್ಲಿ ಕುಳಿತ ಭಿಕ್ಷುಕಿಯೊಬ್ಬಳನ್ನು ಕಾಣುತ್ತಾನೆ. ಕಲೆಯನ್ನು ನೋಡುವ ಕಣ್ಣು ಒಂದು, ಮನುಷ್ಯರನ್ನು ನೋಡುವ ಕಣ್ಣು ಇನ್ನೊಂದು ಎಂಬ ಭೇದವನ್ನು ಕೃತಿಕರ್ತನು ಬಾಯಿಬಿಟ್ಟು ಹೇಳದೆಯೇ ತೋರಿಸಿರುವುದು ಸೊಗಸಾಗಿದೆ. ಆಕೆಯ ಕೈಗಳು ನಿಶ್ಶಕ್ತವಾಗಿವೆ; ದುಃಖದ ಆವೇಶದಲ್ಲಿ ತಾನೇ ಕಚ್ಚಿಕೊಂಡು ಕೆಡಿಸಿಕೊಂಡ ಕೈಗಳು ಅವು. ಹಡಗು ಇರುಳಿನಲ್ಲಿ ಒಡೆದು, ಅಲೆಗಳು ಆಕೆಯನ್ನು ಬಂಡೆಯೊಂದರ ಮೇಲೆ ಎಸೆದಿದ್ದುವು; ಮಕ್ಕಳ ಹೆಣಗಳಾದರೂ ದೊರೆಯಲಿಲ್ಲ. ಊರಿನ ಹೆಂಗಸರು ಬಂದು ತಂತಮ್ಮ ದುಃಖಗಳನ್ನು ಹೇಳಿ ಸಮಾಧಾನಪಡಿಸಿದರು. ಗಂಡನನ್ನು ಕಡಲಿಗೆ ಕಳೆದುಕೊಂಡಿದ್ದ ಬಡ ವಿಧವೆಯೊಬ್ಬಳು ಮನೆಗೆ ಕರೆದುಕೊಂಡು ಹೋದಳು. ಈಗ ಆ ವಿಧವೆಗೂ ಪಾರ್ಶ್ವವಾಯು ಬಡಿದಿದೆ. ಇವಳು ತಿರಿದು ತಂದುದೇ ಇಬ್ಬರಿಗೂ ಅನ್ನ.

ಊರು ಯಾವುದೆಂದು ಕೇಳಿದರೆ ಆಕೆ ಸುಳ್ಳು ಹೇಳುತ್ತಾಳೆ: ತಾನು ಎಫೆಸದವಳು, ಗಂಡ ಸಿಸಿಲಿಯವನು. ತನ್ನ ಊಹೆ ತಪ್ಪಿತೆಂದು ಪೇತ್ರನು ನಿರಾಶನಾಗಿ, ತಾನು ಯಾರನ್ನು ನೆನೆದಿದ್ದೆನೆಂಬುದನ್ನು ಹೇಳಿದಾಗಲೇ ಕ್ಲೆಮೆಂಟ್ ಎಂಬ ಹೆಸರು ಆಕೆಯ ಕಿವಿಗೆ ಬೀಳುವುದು. ಪೇತ್ರನು ಆಕೆಯ ಕೈಹಿಡಿದು ಕರೆತರುತ್ತಾನೆ. ಆಕೆ ಮಗನನ್ನು ಅಪ್ಪಿ ಮುತ್ತಿಡಲು ಬಂದರೆ ಮಗನು ಯಾರೋ ಹುಚ್ಚಿಯೆಂದು ದೂರ ತಳ್ಳುತ್ತಾನೆ. ಅಭಿಜ್ಞಾನದ ಮೊದಲ ದೃಶ್ಯವು ಹೀಗೆ ನಿರಾಕರಣೆಯಿಂದ ಆರಂಭವಾಗುತ್ತದೆ.

ಎರಡನೆಯದು ಲವೊದಿಕೀಯದಲ್ಲಿ. ಪೇತ್ರನ ಶಿಷ್ಯರಲ್ಲಿ ನಿಕೇತ, ಅಕ್ವಿಲ ಎಂಬಿಬ್ಬರು ಕೈಸರೈಯದಿಂದಲೂ ಕ್ಲೆಮೆಂಟನ ಒಡನಾಡಿಗಳು. ತಾಯಿ ದೊರೆತ ವೃತ್ತಾಂತವನ್ನು ಪೇತ್ರನು ಹೇಳುತ್ತಿರುವಾಗ ಅವರು ಬೆರಗಾಗಿ ಎದ್ದು ನಿಲ್ಲುತ್ತಾರೆ: ತಾವೇ ಆ ಅವಳಿಗಳು. ಕಡಲುಗಳ್ಳರು ಅವರನ್ನು ಹಿಡಿದು, ಹೆಸರು ಬದಲಿಸಿ, ಕೈಸರೈಯದಲ್ಲಿ ಯೂಸ್ತ ಎಂಬ ಗುಣವತಿಯಾದ ವಿಧವೆಗೆ ಮಾರಿದ್ದರು. ಆಕೆ ಅವರನ್ನು ಮಕ್ಕಳಂತೆ ಸಾಕಿ ಗ್ರೀಕ್ ವಿದ್ಯೆಯನ್ನು ಕಲಿಸಿದ್ದಳು. ತಾಯಿ ಆಗ ನಿದ್ರಿಸುತ್ತಿದ್ದಾಳೆ. ಮಕ್ಕಳು ಓಡಿಹೋಗಿ ಎಬ್ಬಿಸಬೇಕೆಂದರೆ, ಹಠಾತ್ತನೆ ಬಂದ ಸಂತೋಷವು ಆಕೆಯ ಚಿತ್ತವನ್ನು ಕೆಡಿಸೀತೆಂದು ಪೇತ್ರನು ತಡೆಯುತ್ತಾನೆ. ಮಿಲನವಾದ ಮೇಲೂ ಒಂದು ಅಡ್ಡಿ ಉಳಿದಿದೆ. ದೀಕ್ಷಾಸ್ನಾನವಾಗದವರೊಡನೆ ಒಂದೇ ಪಂಕ್ತಿಯಲ್ಲಿ ಊಟಮಾಡುವುದು ಇವರ ಸಂಪ್ರದಾಯಕ್ಕೆ ವಿರುದ್ಧ. ಇಪ್ಪತ್ತು ವರ್ಷದ ಮೇಲೆ ಕಂಡ ಮಕ್ಕಳೊಡನೆ ತಾಯಿ ಊಟಕ್ಕೆ ಕೂರುವಂತಿಲ್ಲ. ಇಂದೇ ದೀಕ್ಷೆ ಕೊಡಬಾರದೇಕೆ ಎಂದು ಆಕೆ ಕೇಳುತ್ತಾಳೆ. ಒಂದು ದಿನದ ಉಪವಾಸವಾದರೂ ಆಗಲೇಬೇಕೆಂದು ಪೇತ್ರನ ಉತ್ತರ. ಪಂಕ್ತಿಭೇದದ ನೋವನ್ನು ಬಲ್ಲ ನಮ್ಮ ಓದುಗರಿಗೆ ಈ ಸನ್ನಿವೇಶಕ್ಕೆ ವ್ಯಾಖ್ಯಾನವು ಅನಾವಶ್ಯಕ.

ಈ ಅಭಿಜ್ಞಾನಗಳ ಒಂದು ಲಕ್ಷಣವನ್ನು ಇಲ್ಲಿ ಗಮನಿಸಬೇಕು. ಶಾಕುಂತಲದಲ್ಲಿ ಉಂಗುರವಿದೆ, ಗ್ರೀಕ್ ನಾಟಕಗಳಲ್ಲಿ ಗಾಯದ ಕಲೆ, ತೊಟ್ಟಿಲ ಬಟ್ಟೆ, ಆಭರಣ ಮುಂತಾದುವು ಬರುತ್ತವೆ. ಹೊರಗಿನ ಗುರುತುಗಳಿಂದ ಆಗುವ ಅಭಿಜ್ಞಾನವನ್ನು ಅರಿಸ್ಟಾಟಲನು ಕೆಳದರ್ಜೆಯದೆಂದೇ ಎಣಿಸಿದ್ದಾನೆ. ನಮ್ಮ ಗ್ರಂಥದಲ್ಲಿ ಅಂತಹ ವಸ್ತು ಒಂದೂ ಇಲ್ಲ. ಒಬ್ಬರು ತಮ್ಮ ಕಥೆಯನ್ನು ಹೇಳುತ್ತಾರೆ. ಕೇಳುವವನು ಅದರಲ್ಲಿ ತನ್ನ ಕಥೆಯ ಉಳಿದರ್ಧವನ್ನು ಕಾಣುತ್ತಾನೆ. ಮಾತೇ ಮುದ್ರೆಯುಂಗುರ. ಹೀಗಾದಾಗ ಕಥೆಯನ್ನು ತಪ್ಪಾಗಿ ತಿಳಿದವನ ಗತಿಯೇನು? ಮೂರನೆಯ ಅಭಿಜ್ಞಾನದ ತಿರುಳು ಇದು.

ತಾಯಿಯ ದೀಕ್ಷೆಯ ಬಳಿಕ, ಕೂಲಿಯವನಂತೆ ಉಡುಪು ತೊಟ್ಟ ಮುದುಕನೊಬ್ಬನು ಪೇತ್ರನು ಪ್ರಾರ್ಥಿಸುತ್ತಿದ್ದುದನ್ನು ಕಂಡು ಮಾತಿಗೆ ಬರುತ್ತಾನೆ. ದೇವರೂ ಇಲ್ಲ, ಪೂಜೆಯೂ ಬೇಡ, ಲೋಕವನ್ನು ಕಾಯುವ ಕರುಣೆಯೂ ಇಲ್ಲ. ಎಲ್ಲವೂ ಹುಟ್ಟಿದ ಗಳಿಗೆಯ ಗ್ರಹಸ್ಥಿತಿಯಂತೆ ನಡೆಯುತ್ತದೆಂಬುದು ಅವನ ಸಿದ್ಧಾಂತ. ಅವನು ಅಜ್ಞನಲ್ಲ, ಗ್ರೀಕ್ ಶಾಸ್ತ್ರಗಳನ್ನು ಓದಿದವನು. ಮೂವರು ಸೋದರರೂ ಸರದಿಯಂತೆ ಅವನೊಡನೆ ವಾದಿಸುತ್ತಾರೆ. ವೃದ್ಧನೆಂಬ ಗೌರವದಿಂದ ‘ತಂದೆಯೇ’ ಎಂದು ಸಂಬೋಧಿಸುತ್ತಾರೆ. ಓದುಗನು ಆಗಲೇ ಊಹಿಸಿ ನಗುತ್ತಾನೆ. ವಾದವು ದಿನಗಟ್ಟಲೆ ನಡೆಯುತ್ತದೆ. ಮುದುಕನು ಹಲವು ಅಂಶಗಳನ್ನು ಒಪ್ಪಿಕೊಂಡರೂ ಜಾತಕವನ್ನು ಮಾತ್ರ ಬಿಡಲಾರ. ಏಕೆಂದರೆ ಅದು ಅವನು ಓದಿ ತಿಳಿದುದಲ್ಲ, ಅನುಭವದಿಂದ ಕಂಡದ್ದು. ತನ್ನ ಹೆಂಡತಿಯ ಜನ್ಮಕುಂಡಲಿಯಲ್ಲಿ ಕುಜನು ಶುಕ್ರನೊಡನೆ ಕೇಂದ್ರದ ಮೇಲಿದ್ದನು. ಚಂದ್ರನು ಕುಜನ ಮನೆಯಲ್ಲಿ, ಶನಿಯ ಎಲ್ಲೆಯಲ್ಲಿ ಅಸ್ತನಾಗುತ್ತಿದ್ದನು. ಇಂತಹ ಯೋಗವುಳ್ಳ ಸ್ತ್ರೀ ದಾಸನನ್ನು ಮೋಹಿಸಿ, ಪರದೇಶಕ್ಕೆ ಹೋಗಿ, ನೀರಿನಲ್ಲಿ ಸಾಯುವಳೆಂದು ಶಾಸ್ತ್ರ. ಹಾಗೆಯೇ ಆಯಿತು ಎಂದು ಅವನು ಹೇಳುತ್ತಾನೆ.

ಪ್ರಸಂಗವಶಾತ್ ಒಂದು ಮಾತು. ‘ಕೇಂದ್ರ’, ‘ಹೋರಾ’ ಎಂಬ ಪಾರಿಭಾಷಿಕ ಶಬ್ದಗಳು ಗ್ರೀಕಿನಿಂದ ಸಂಸ್ಕೃತಕ್ಕೂ ಅಲ್ಲಿಂದ ಕನ್ನಡಕ್ಕೂ ಬಂದುವು. 1049ರಲ್ಲಿ ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ಕನ್ನಡದಲ್ಲಿ ಬರೆದಾಗ ನಮ್ಮ ಭಾಷೆಗೆ ಈ ಶಾಸ್ತ್ರವು ಇಳಿಯಿತು. ಆದುದರಿಂದ ಲವೊದಿಕೀಯದ ಮುದುಕನ ಪರಿಭಾಷೆಯು ನಮ್ಮ ಊರಿನ ಜೋಯಿಸರಿಗೆ ಅಪರಿಚಿತವಾಗಿ ತೋರುವುದಿಲ್ಲ.

ಪೇತ್ರನು ಒಂದೇ ಪ್ರಶ್ನೆಯನ್ನು ಕೇಳುತ್ತಾನೆ: ಆಕೆ ದಾಸನೊಡನೆ ಹೋದಳೆಂದು ನಿನಗೆ ಹೇಗೆ ಗೊತ್ತು? ಮುದುಕನು ಸರಳವಾಗಿ ಉತ್ತರಿಸುತ್ತಾನೆ. ತಾನು ಕಂಡದ್ದಲ್ಲ; ಆಕೆ ಹೋದ ಮೇಲೆ ತನ್ನ ಸೋದರನು ಹೇಳಿದನು. ಆಕೆ ಮೊದಲು ಸೋದರನನ್ನೇ ಬಯಸಿದಳಂತೆ. ಅವನು ಅಣ್ಣತಮ್ಮಂದಿರ ಧರ್ಮಕ್ಕೆ ಅಂಜಿ ಒಪ್ಪಲಿಲ್ಲವಂತೆ. ಆಮೇಲೆ ದಾಸನತ್ತ ತಿರುಗಿ, ಕನಸಿನ ನೆಪ ಹೂಡಿ ಹೊರಟಳಂತೆ. ಸತ್ಯವು ಇದಕ್ಕೆ ತೀರ ವಿಪರೀತ. ಸೋದರನೇ ಆಕೆಯನ್ನು ಕಾಡಿದ್ದನು. ಗಂಡನಿಗೆ ಹೇಳಿದರೆ ಸೋದರರಲ್ಲಿ ದ್ವೇಷ, ಕುಲಕ್ಕೆ ಅಪಕೀರ್ತಿ, ಹೇಳದಿದ್ದರೆ ಮಾನಹಾನಿ. ಇದನ್ನು ತಪ್ಪಿಸಿಕೊಳ್ಳಲು ಆಕೆ ಕನಸನ್ನು ಕಟ್ಟಿ ಹೇಳಿದ್ದಳು. ಹೀಗೆ ಒಬ್ಬ ವಿದ್ವಾಂಸನ ಇಡೀ ತತ್ತ್ವಶಾಸ್ತ್ರವು ಒಬ್ಬ ನೀಚನ ಚಾಡಿಯ ಮೇಲೆ ನಿಂತಿದೆ. ಘಟನೆ ನಡೆದುಹೋದ ಮೇಲೆ ಅದಕ್ಕೆ ಹೊಂದುವಂತೆ ಕನಸಿಗೆ ಅರ್ಥ ಹೇಳುವವರಂತೆಯೇ ಜ್ಯೋತಿಷಿಗಳು ಜಾತಕಕ್ಕೂ ಹೇಳುತ್ತಾರೆಂದು ಹತ್ತನೆಯ ಭಾಗದಲ್ಲಿ ಕ್ಲೆಮೆಂಟನು ವಾದಿಸುವುದುಂಟು. ಆ ವಾದಕ್ಕೆ ಅವನ ತಂದೆಯೇ ಉದಾಹರಣೆ.

ಆದರೆ ಮುದುಕನ ಮಾತಿನಲ್ಲಿ ಇನ್ನೊಂದು ಸ್ವರವಿದೆ. ಆಕೆಯನ್ನು ದೂಷಿಸಬಾರದು, ಗ್ರಹಗಳು ಆಕೆಯನ್ನು ಬಲಾತ್ಕರಿಸಿದುವು ಎಂದು ಅವನು ಹೇಳುತ್ತಾನೆ. ಗ್ರಂಥದಲ್ಲೆಲ್ಲ ನಮ್ಮನ್ನು ಅತ್ಯಂತವಾಗಿ ಮುಟ್ಟಿದ ಮಾತು ಇದು. ಹೆಂಡತಿ ಮೋಸ ಮಾಡಿದಳೆಂದು ನಂಬಿಯೂ ಅವನು ಆಕೆಯನ್ನು ದ್ವೇಷಿಸಲಾರ. ದ್ವೇಷಿಸದಿರಲು ಅವನಿಗೊಂದು ಸಿದ್ಧಾಂತ ಬೇಕು. ಜಾತಕವು ಆ ಅನುಕೂಲವನ್ನು ಒದಗಿಸಿತು. ವಿಧಿವಾದವು ಇವನಲ್ಲಿ ಕ್ಷಮೆಯ ವೇಷ. ಆದುದರಿಂದಲೇ ತರ್ಕದಿಂದ ಅದನ್ನು ಕೀಳುವುದು ಕಷ್ಟ. ಅದನ್ನು ಕೈಬಿಟ್ಟರೆ ಅವನಿಗೆ ಉಳಿಯುವುದು ಕುಲಟೆಯಾದ ಹೆಂಡತಿಯ ನೆನಪೊಂದೇ. ಕೃತಿಕರ್ತನಿಗೆ ಮನುಷ್ಯಹೃದಯದ ಪರಿಚಯ ಚೆನ್ನಾಗಿತ್ತೆಂಬುದಕ್ಕೆ ಈ ಒಂದು ಎಳೆಯೇ ಸಾಕು.

ಪೇತ್ರನು ಪಣವೊಡ್ಡುತ್ತಾನೆ: ಪತಿವ್ರತೆಯಾದ ನಿನ್ನ ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಇಂದೇ ತೋರಿಸಿದರೆ ಜಾತಕವು ಏನೂ ಅಲ್ಲವೆಂದು ಒಪ್ಪುವೆಯಾ? ಅದೆಷ್ಟು ಅಸಾಧ್ಯವೋ ಗ್ರಹಗತಿಯನ್ನು ಮೀರಿ ಒಂದು ಕಾರ್ಯ ನಡೆಯುವುದೂ ಅಷ್ಟೇ ಅಸಾಧ್ಯವೆಂದು ಮುದುಕನ ಉತ್ತರ. ಕಣ್ಣೀರು ತುಂಬಿ ನಿಂತ ಮಕ್ಕಳನ್ನು ಪೇತ್ರನು ಅದುವರೆಗೆ ತಡೆದಿದ್ದಾನೆ. ಆಗ ಒಬ್ಬೊಬ್ಬರ ಹೆಸರನ್ನು ಹೇಳಿ ತೋರಿಸುತ್ತಾನೆ. ಮತ್ತೀದಿಯಾ ತನ್ನನ್ನು ಹುಡುಕಿ ಊರೂರು ಅಲೆದ ಗಂಡನೆಲ್ಲಿ ಎಂದು ಕೂಗುತ್ತ ಓಡಿಬರುತ್ತಾಳೆ.

ಇದರಿಂದ ಜ್ಯೋತಿಷ್ಯವು ಖಂಡಿತವಾಯಿತೇ? ನೈಯಾಯಿಕನು ಒಪ್ಪಲಾರ. ಒಂದು ಜಾತಕ ಸುಳ್ಳಾದರೆ ಗಣಿಕನು ಲೆಕ್ಕದ ತಪ್ಪೆನ್ನುತ್ತಾನೆ. ಅಲ್ಲದೆ, ಚದುರಿದವರೆಲ್ಲ ಒಂದೇ ಕರಾವಳಿಯಲ್ಲಿ ಬಂದು ಸೇರಿದ್ದನ್ನು ದೈವಕೃಪೆಯೆಂದು ಒಬ್ಬನು ಕರೆದರೆ, ಅದೇ ವಿಧಿಯ ಬರಹವೆಂದು ಇನ್ನೊಬ್ಬನು ಕರೆಯಬಹುದು. ಕೃತಿಕರ್ತನ ಬಳಿ ಇದಕ್ಕಿಂತ ಬಲವಾದ ವಾದವೊಂದಿದೆ. ಒಂಬತ್ತನೆಯ ಭಾಗದಲ್ಲಿ ಬರುವ ಅದು ಎದೆಸ್ಸಾ ನಗರದ ತತ್ತ್ವಜ್ಞ ಬರ್ದೈಸಾನನ (154–222) ಪಂಥದ ‘ದೇಶಗಳ ಕಟ್ಟಳೆಗಳು’ ಎಂಬ ಸಿರಿಯಾಕ್ ಗ್ರಂಥದಲ್ಲಿಯೂ ಇದೆ. ಮನುಷ್ಯರ ನಡತೆಯನ್ನು ನಿರ್ಣಯಿಸುವುದು ಗ್ರಹಗಳಲ್ಲ, ಆಯಾ ದೇಶದ ಕಟ್ಟಳೆ ಮತ್ತು ಮನುಷ್ಯನ ಇಚ್ಛಾಸ್ವಾತಂತ್ರ್ಯ ಎಂಬುದು ಇದರ ಸಾರ. ಉದಾಹರಣೆಗಳಲ್ಲಿ ನಮ್ಮ ದೇಶವೂ ಬಂದಿದೆ: ಭಾರತದ ಬ್ರಾಹ್ಮಣರು ಕೊಲ್ಲುವುದಿಲ್ಲ, ಮದ್ಯ ಕುಡಿಯುವುದಿಲ್ಲ, ವಿಗ್ರಹಗಳನ್ನು ಪೂಜಿಸುವುದಿಲ್ಲ, ಅದೇ ಆಕಾಶದ ಕೆಳಗಿರುವ ಇತರ ಭಾರತೀಯರು ಇದೆಲ್ಲವನ್ನೂ ಮಾಡುತ್ತಾರೆ. ವಿವರಗಳು ದೂರದಿಂದ ಕೇಳಿದ ಸುದ್ದಿಗಳು. ಕೆಲವನ್ನು ಓದಿ ನಾವು ನಗಬೇಕಾಗುತ್ತದೆ. ಆದರೆ ವಾದದ ರಚನೆ ದೃಢವಾಗಿದೆ: ಸಾವಿರಾರು ಮಂದಿ ಬೇರೆ ಬೇರೆ ಗಳಿಗೆಗಳಲ್ಲಿ ಹುಟ್ಟಿಯೂ ಒಂದೇ ಕಟ್ಟಳೆಯಂತೆ ನಡೆಯುತ್ತಾರೆಂದಮೇಲೆ ಹುಟ್ಟಿದ ಗಳಿಗೆಯ ಪ್ರಭಾವವೆಲ್ಲಿ?

ಇಷ್ಟು ಒಳ್ಳೆಯ ವಾದವನ್ನು ಕೇಳಿಯೂ ಮುದುಕನು ಕದಲುವುದಿಲ್ಲ. ಈ ಕ್ರಮವನ್ನು ಕೃತಿಕರ್ತನು ಬೇಕೆಂದೇ ಇಟ್ಟಿದ್ದಾನೆಂಬುದು ನಮ್ಮ ಭಾವನೆ. ಗ್ರೀಕ್ ‘ಪ್ರವಚನ’ಗಳಲ್ಲಿ ಈ ವಾದಸರಣಿಯಿಲ್ಲ, ಮುದುಕನು ತನ್ನ ಕಥೆಯನ್ನು ಗೆಳೆಯನೊಬ್ಬನ ಕಥೆಯೆಂದು ಹೇಳಿ ಬೇಗನೆ ಗುರುತು ಸಿಕ್ಕುತ್ತಾನೆ. ನಮ್ಮ ಪಾಠದಲ್ಲಿ ವಾದವನ್ನು ಪೂರ್ತಿಯಾಗಿ ನಡೆಸಿ, ಅದು ತಲೆಗೆ ತಲಪಿ ಎದೆಗೆ ತಲಪದೆ ನಿಂತುದನ್ನು ತೋರಿಸಿ, ಆ ಬಳಿಕ ಹೆಂಡತಿಮಕ್ಕಳನ್ನು ಕರೆತರುತ್ತಾನೆ. ಮುದುಕನಿಗೆ ಬೇಕಾಗಿದ್ದುದು ಪ್ರಮಾಣವಲ್ಲ, ಆಕೆ ನಿರ್ದೋಷಿಯೆಂಬ ಸುದ್ದಿ. ಅದು ಬಂದ ಮೇಲೆ ಜಾತಕದ ಆಸರೆ ಅವನಿಗೆ ಅನಾವಶ್ಯಕವಾಯಿತು.

ಗ್ರಂಥದ ದೋಷವನ್ನೂ ಹೇಳಬೇಕು. ಮತ್ತೀದಿಯಾಳ ಸುಳ್ಳು ಮಾನವನ್ನು ಉಳಿಸಿತು. ಸಂಸಾರವನ್ನು ಮುಳುಗಿಸಿದ್ದೂ ಅದೇ. ಗಂಡನಿಗೆ ನಿಜವನ್ನು ಹೇಳಲಾರದ ಆ ಮನೆಯ ಇಕ್ಕಟ್ಟು ಎಂತಹದು? ಇದು ಒಂದು ಮಹಾಕಾದಂಬರಿಗೆ ಸಾಕಾಗುವ ವಸ್ತು. ಕೃತಿಕರ್ತನು ಆಕೆಯ ಪಾತಿವ್ರತ್ಯವನ್ನು ಹೊಗಳಿ ಮುಂದೆ ಸಾಗುತ್ತಾನೆ; ತನಗೆ ದೊರೆತ ಚಿನ್ನದ ಗಣಿಯನ್ನು ಅರ್ಧ ಮಾತ್ರ ತೋಡಿದ್ದಾನೆ. ಮೂಲಪಾಪಿಯಾದ ಸೋದರನನ್ನಂತೂ ರೋಮ್ ನಗರದಲ್ಲಿಯೇ ಮರೆತುಬಿಟ್ಟಿದ್ದಾನೆ.

ಹತ್ತನೆಯ ಭಾಗದ ಕೊನೆಯಲ್ಲಿ ಒಂದು ವಿಚಿತ್ರ ಪ್ರಸಂಗವಿದೆ. ಸೀಮೋನನು ತನ್ನ ಮಂತ್ರವಿದ್ಯೆಯಿಂದ ಫೌಸ್ತಿನಿಯಾನನ ಮುಖಕ್ಕೆ ತನ್ನ ಮುಖದ ರೂಪವನ್ನು ಕೊಡುತ್ತಾನೆ. ಮನೆಗೆ ಬಂದ ತಂದೆಯ ದನಿಯನ್ನು ಕೇಳಿದರೂ ಶತ್ರುವಿನ ಮುಖವನ್ನು ಕಂಡು ಮಕ್ಕಳು ಹಿಮ್ಮೆಟ್ಟುತ್ತಾರೆ. ಪೇತ್ರನೊಬ್ಬನಿಗೆ ಮಾತ್ರ ನಿಜವಾದ ಮುಖ ಕಾಣುತ್ತದೆ. ಪೇತ್ರನು ಅವನನ್ನು ಅದೇ ಮುಖದಿಂದ ಅಂತಿಯೋಕ್ಯಕ್ಕೆ ಕಳುಹಿಸಿ, ಸೀಮೋನನು ಹಬ್ಬಿಸಿದ್ದ ಅಪವಾದಗಳನ್ನೆಲ್ಲ ಸೀಮೋನನ ಬಾಯಿಂದಲೇ ಹಿಂತೆಗೆಸಿದಂತೆ ಮಾಡುತ್ತಾನೆ. ಬಳಿಕ ಮುಖವು ಮೊದಲಿನಂತಾಗಿ, ಮುದುಕನಿಗೆ ದೀಕ್ಷೆಯಾಗುತ್ತದೆ. ಮಾಂತ್ರಿಕನೊಬ್ಬನೂ ಫೌಸ್ತ ಎಂಬ ಹೆಸರೂ ಸೀಮೋನನ ಸಂಗಾತಿಯಾದ ಹೆಲೆನಳೂ ಒಂದೆಡೆ ಸೇರಿರುವುದರಿಂದ ಜರ್ಮನಿಯ ಫೌಸ್ಟ್ ಕಥೆಗೆ ಇಲ್ಲಿ ಬೀಜವಿದೆಯೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಈ ರೂಪಾಂತರದ ಭಾಗವು ತನಗೆ ದೊರೆತ ಎರಡು ಗ್ರೀಕ್ ಪಾಠಗಳಲ್ಲಿ ಒಂದರಲ್ಲಿ ಮಾತ್ರ ಇತ್ತೆಂದು ರುಫೀನುಸನು ಮುನ್ನುಡಿಯಲ್ಲಿ ತಿಳಿಸಿದ್ದಾನೆ. ದೇವತಾತತ್ತ್ವದ ಕೆಲವು ಕ್ಲಿಷ್ಟ ವಾಕ್ಯಗಳನ್ನು ಅನುವಾದಿಸದೆ ಬಿಟ್ಟ ಆ ಪಂಡಿತನು ಈ ಮುಖದ ಕಥೆಯನ್ನು ಮಾತ್ರ ಬಿಡಲಿಲ್ಲ.